ಬರಾಬಿನ್ಸ್ಕ್‌ನಲ್ಲಿ ಹನ್ನೆರಡು ನಿಮಿಷ

ಕಳೆದ ಶನಿವಾರ ಮಧ್ಯಾಹ್ನ ಬೊನಿಫಾಸ್ ಮಾಸ್ಕೋದಲ್ಲಿ ರೈಲು ಹತ್ತಿದ. ಒಬ್ಬನೇ ಹತ್ತಿದ. ಹೋಗುವುದು ರಷ್ಯಾದ ಪೂರ್ವದ ಕೊನೆಯಲ್ಲಿರುವ ವ್ಲಾಡಿವೊಸ್ಟಾಕ್‌ವರೆಗೆ. ನಡುವೆ ಮೂರು ಊರುಗಳಲ್ಲಿ ಇಳಿದು, ಒಂದೆರಡು ದಿನ ತಂಗಿ, ಮತ್ತೆ ಹತ್ತುವ ಏರ್ಪಾಡು.

ಹತ್ತಿದ್ದು ನನಗೆ ತಿಳಿದದ್ದು ಅವನು ಕಳಿಸಿದ ಒಂದು ಫೋಟೋದಿಂದ. ದುಬೈಯ ಸತ್ವಾದಲ್ಲಿ ನಮ್ಮ ಮನೆಯ ಕೆಳಗಿರುವ ದರ್ಜಿ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ನಿಂತಿದ್ದಾಗ ಫೋನು ನಡುಗಿತು. ಒಂದು ಗಾಜಿನ ಲೋಟ, ಅದನ್ನು ಅಪ್ಪಿದ ಬಳ್ಳಿ ಕೆತ್ತನೆಯ ಲೋಹದ ಹಿಡಿಕೆ, ಒಳಗೆ ಹಾಲಿಲ್ಲದ ಚಹಾ, ಹಿಂದೆ ಕಿಟಕಿಯಲ್ಲಿ ಬರ್ಚ್ ಮರಗಳ ಬಿಳಿ ಗೆರೆಗಳು. ಕೆಳಗೆ ಎರಡೇ ಪದ: 'ಯಲ್ಲಾ, ಶುರು.' ಯಲ್ಲಾ ಎಂದರೆ ಇಲ್ಲಿಯ ಅರಬ್ಬಿಯಲ್ಲಿ 'ನಡಿ'. ಆ ಲೋಟ ನನಗೆ ಗೊತ್ತಿತ್ತು, ರಷ್ಯಾದ ರೈಲಿನಲ್ಲಿ ಚಹಾ ಕೊಡುವುದು ಅದರಲ್ಲೇ. ದರ್ಜಿ ಎರಡು ಸಲ ಅಳತೆ ಕೇಳಿದ. ನಾನು ಯಾವ ಅಂಕಿ ಹೇಳಿದೆನೋ, ಆ ಪ್ಯಾಂಟು ಈಗ ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ.

ಬೊನಿಫಾಸ್ ಯಾರೆಂದು ನಿಮಗೆ ಹೇಳಬೇಕು. ನಾವೆಲ್ಲ ಅವನನ್ನು ಬೊನ್ನಿ ಎನ್ನುತ್ತೇವೆ. ಉಡುಪಿ ಕಡೆಯ ಕೊಂಕಣಿ ಕ್ರೈಸ್ತ. ದುಬೈಗೆ ಬಂದ ಹೊಸದರಲ್ಲಿ ಎಂಟು ವರ್ಷ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಆರು ಜನರ ಕೋಣೆಯಲ್ಲಿದ್ದು ಅಡುಗೆ ಕಂಪೆನಿಯೊಂದಕ್ಕೆ ದುಡಿದ. ಆಮೇಲೆ ಅಬುಧಾಬಿಯ ಒಂದು ಹೋಟೆಲು ಅವನನ್ನು ಮೀನು ಖರೀದಿಗೆ ಇಟ್ಟುಕೊಂಡಿತು. ಅಂದಿನಿಂದ ಅವನ ಬೆಳಗು ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲೇ. ಕಿವಿರು ಎತ್ತಿ ನೋಡುವುದು, ಬೆನ್ನನ್ನು ಹೆಬ್ಬೆರಳಲ್ಲಿ ಒತ್ತಿ ಗುಳಿ ಮೇಲೇಳುತ್ತದೆಯೇ ಎಂದು ಕಾಯುವುದು, ಮೂಸುವುದು, ತಲೆ ಅಲ್ಲಾಡಿಸಿ ಮುಂದಿನ ಮಳಿಗೆಗೆ ಹೋಗುವುದು, ಮತ್ತೆ ಮೊದಲಿನದಕ್ಕೇ ಬರುವುದು. ಮದುವೆ ಮನೆಯಲ್ಲಿ ಬಡಿಸಿದ ಮೀನನ್ನೂ ಅವನು ಬೆರಳಲ್ಲಿ ಒತ್ತಿ ನೋಡಿದ್ದನ್ನು ನಾನು ಕಂಡಿದ್ದೇನೆ.

ನಾನು ದುಬೈಯ ಒಂದು ಇಂಗ್ಲಿಷ್ ಪತ್ರಿಕೆಯ ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷ ಇತರರು ಬರೆದದ್ದನ್ನು ತಿದ್ದಿದವನು. ಹೆಸರು, ವಯಸ್ಸು, ಸಮಯ, ಸ್ಥಳ ಈ ನಾಲ್ಕನ್ನು ಎರಡೆರಡು ಸಲ ಪರೀಕ್ಷಿಸಬೇಕೆಂದು ಹೊಸಬರಿಗೆ ಹೇಳುವುದೇ ನನ್ನ ಕೆಲಸದ ಮುಖ್ಯ ಭಾಗ. ಅವರು ನನ್ನನ್ನು ಬೆನ್ನ ಹಿಂದೆ 'ಎರಡು ಸಲ' ಎಂದೇ ಕರೆಯುತ್ತಾರೆ. ತಪ್ಪು ಅಚ್ಚಾದರೆ ಮರುದಿನ ಎರಡನೇ ಪುಟದ ಕೆಳಗೆ ತಿದ್ದುಪಡಿ ಹಾಕುವುದೂ ನನ್ನ ಪಾಲಿಗೆ ಬಂದ ಕೆಲಸ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದೆ ಬರುವುದಕ್ಕೆ ಇದು ಬೇಕು.

ಎರಡು ವರ್ಷದ ಹಿಂದೆ ಇದೇ ಹಾದಿಯಲ್ಲಿ ನಾವಿಬ್ಬರೂ ಹೊರಟಿದ್ದೆವು. ರೈಲಿನ ಹುಚ್ಚು ನನ್ನದು. ಬೊನ್ನಿ ಬಂದದ್ದು ನನ್ನ ಒತ್ತಾಯಕ್ಕೆ. 'ಏಳು ದಿನ ಕಿಟಕಿಯಲ್ಲಿ ಎಂತ ನೋಡುದು ಮಾರಾಯ? ಮರ ಅಲ್ವಾ? ಮರ ಬೇಕಾದ್ರೆ ಊರಿಗೆ ಹೋಗುವ, ಚೀಪ್ ಆಗ್ತದೆ' ಎಂದು ಎರಡು ತಿಂಗಳು ತಕರಾರು ಮಾಡಿ ಕೊನೆಗೆ ರಜೆ ಬರೆದುಕೊಟ್ಟ. ದುಬೈ ವಿಮಾನ ನಿಲ್ದಾಣದ ಕೌಂಟರಿನಿಂದ ಈಚೆ ಬಂದವನೇ ತನ್ನ ಪಾಸ್‌ಪೋರ್ಟನ್ನು ನನ್ನ ಕೈಗಿತ್ತ.

'ನಿನ್ನತ್ರವೇ ಇರಲಿ. ನಾನು ಎಲ್ಲಿಯಾದ್ರೂ ಬಿಸಾಡ್ತೇನೆ.'

'ಪಾಸ್‌ಪೋರ್ಟ್ ಅವರವರ ಹತ್ತಿರ ಇರಬೇಕು ಬೊನ್ನಿ.'

'ಮೊದಲಿನ ಕಂಪೆನಿಯವರು ಎಂಟು ವರ್ಷ ಲಾಕರಲ್ಲಿ ಇಟ್ಟಿದ್ರು. ಒಂದು ಕಲೆ ಬೀಳದೆ ವಾಪಸ್ ಕೊಟ್ರು. ಈಗ ನೀನೇ ನನ್ನ ಕಂಪೆನಿ. ಖಲಾಸ್.'

ನಾನೂ ನಕ್ಕು ಇಟ್ಟುಕೊಂಡೆ. ಇಲ್ಲಿ ಬಹುಕಾಲ ಬದುಕಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಆಸ್ಪತ್ರೆಗೆ, ಬ್ಯಾಂಕಿಗೆ, ಸಿಮ್ ಕಾರ್ಡಿಗೆ, ಪೊಲೀಸರಿಗೆ, ಎಲ್ಲದಕ್ಕೂ ಒಂದೇ ಕಾರ್ಡು: ಎಮಿರೇಟ್ಸ್ ಐಡಿ. ಅದು ಪರ್ಸಿನಲ್ಲಿದ್ದರೆ ಮನುಷ್ಯ ಇದ್ದಾನೆ ಎಂದರ್ಥ. ಪಾಸ್‌ಪೋರ್ಟು ಕಪಾಟಿನಲ್ಲಿ ಮಲಗಿರುವ ವಸ್ತು. ಬೊನ್ನಿ ರಷ್ಯಾದ ಉದ್ದಕ್ಕೂ ಎಮಿರೇಟ್ಸ್ ಐಡಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಮಲಗುವಾಗಲೂ ಜೇಬು ಮುಟ್ಟಿ ನೋಡುತ್ತಿದ್ದ. ಅಲ್ಲಿನ ಸಿಮ್ಮು ಒಂದೇ ಇತ್ತು, ಅದು ನನ್ನ ಫೋನಿನಲ್ಲಿತ್ತು. ಅವನ ಫೋನು ಫೋಟೋ ತೆಗೆಯಲು ಮಾತ್ರ.

ಯೆಕಟೆರಿನ್‌ಬರ್ಗ್‌ನಲ್ಲಿ ಎರಡು ದಿನ ತಂಗಿ ಮತ್ತೆ ರೈಲು ಹತ್ತಿದೆವು. ನಮ್ಮ ಬೋಗಿಯ ಉಸ್ತುವಾರಿ ಒಬ್ಬ ಐವತ್ತರ ಹೆಂಗಸಿನದು. ಬೋಗಿಗೊಬ್ಬರಂತೆ ಅಲ್ಲಿ ಹೀಗೆ ಇರುತ್ತಾರೆ. ಚಹಾದ ಲೋಟ ಕೊಡುವುದು, ಹಾಸಿಗೆ ಬಟ್ಟೆ ಕೊಡುವುದು, ನಿಲ್ದಾಣದಲ್ಲಿ ಮೆಟ್ಟಿಲು ಇಳಿಸಿ ಬಾಗಿಲಲ್ಲಿ ಕಾವಲು ನಿಲ್ಲುವುದು ಎಲ್ಲ ಅವರದೇ. ಈಕೆ ಬಹಳ ಕಡಿಮೆ ನಗುವವಳು. ಬೊನ್ನಿ ಅವಳಿಗೆ 'ಮೇಡಂ ಜನರಲ್' ಎಂದು ಹೆಸರಿಟ್ಟ. ಅವಳು ತನ್ನ ಫೋನಿಗೆ ರಷ್ಯನ್ನಿನಲ್ಲಿ ಮಾತಾಡಿದರೆ ಅದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಬರಾಬಿನ್ಸ್ಕ್ ಬರುವುದಿತ್ತು. ಹುಲ್ಲುಗಾವಲು ಮತ್ತು ಕೆರೆಗಳ ನಡುವಿನ ಸಣ್ಣ ರೈಲ್ವೆ ಊರು. ಅಲ್ಲಿ ಹೆಂಗಸರು ಹೊಗೆಯಲ್ಲಿ ಒಣಗಿಸಿದ ಕೆರೆ ಮೀನನ್ನು ಪ್ರಯಾಣಿಕರಿಗೆ ಮಾರುತ್ತಾರೆ ಎಂದು ನಾನೇ ಎಲ್ಲೋ ಓದಿ ಬೊನ್ನಿಗೆ ಹೇಳಿದ್ದೆ. ಅವನು ಬೆಳಿಗ್ಗೆ ಆರಕ್ಕೇ ಎದ್ದು ಶೂ ಹಾಕಿ ಕುಳಿತಿದ್ದ. ನಾಲ್ಕೈದು ದಿನದಿಂದ ಅವನ ಹೆಬ್ಬೆರಳಿಗೆ ಕೆಲಸ ಇರಲಿಲ್ಲ.

ಏಳೂವರೆಗೆ ಮೇಡಂ ಜನರಲ್ ಚಹಾ ತಂದಳು. ಬೊನ್ನಿ ಮುಖ ತೊಳೆಯಲು ಹೋಗಿದ್ದ. ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ರೈಲು ಹದಿನೆಂಟು ನಿಮಿಷ ತಡವಾಗಿದೆ, ಬರಾಬಿನ್ಸ್ಕ್‌ನಲ್ಲಿ ನಿಲ್ಲುವುದು ಮೂವತ್ತಲ್ಲ, ಹನ್ನೆರಡು ನಿಮಿಷ, ಎಂದಿತ್ತು. ನಾನು ತಲೆಯಾಡಿಸಿದೆ. ಅವಳು ಹೋದಳು. ನಾನು ಆಗ ನೋಟ್‌ಬುಕ್ಕಿನಲ್ಲಿ ಕಿಟಕಿಯಾಚೆಯ ಕೆರೆಗಳ ಬಗ್ಗೆ ಒಂದು ವಾಕ್ಯ ಕಟ್ಟುತ್ತಿದ್ದೆ. ವಾಕ್ಯ ಚೆನ್ನಾಗಿ ಬರುತ್ತಿತ್ತು.

ಬೊನ್ನಿ ಟವೆಲಿನಲ್ಲಿ ಮುಖ ಒರೆಸುತ್ತ ಬಂದ. 'ಎಷ್ಟು ನಿಮಿಷ ಉಂಟು ಅಲ್ಲಿ?'

ನಾನು ತಲೆ ಎತ್ತಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೊರಡುವ ಮೊದಲೇ ಬರೆದಿಟ್ಟುಕೊಂಡ ವೇಳಾಪಟ್ಟಿ ಇತ್ತು. ಬಾಯಿಗೆ ಬಂದದ್ದು ಅದೇ.

'ಮೂವತ್ತು' ಎಂದೆ.

'ಮಾಫಿ ಮುಷ್ಕಿಲ್, ಏನೂ ತೊಂದ್ರೆ ಇಲ್ಲ. ಮೂವತ್ತು ನಿಮಿಷದಲ್ಲಿ ನಾನು ಅಲ್ ಮೀನಾ ಇಡೀ ತಿರುಗಿ ಬರ್ತೇನೆ.'

ಬರಾಬಿನ್ಸ್ಕ್ ಬಂತು. ಪ್ಲಾಟ್‌ಫಾರ್ಮಿನಲ್ಲಿ ಮಾರಲು ಬಿಡುತ್ತಿರಲಿಲ್ಲ. ಹೆಂಗಸರು ಹಳಿಗಳಾಚೆ, ಮೇಲ್ಸೇತುವೆಯ ಕೊನೆಯಲ್ಲಿ ನಿಂತಿದ್ದರು. ಬೊನ್ನಿ ಸೇತುವೆ ಹತ್ತಿ ಹೋದ. ನಾನು ವಾಕ್ಯ ಮುಗಿಸಿದೆ. ಮುಗಿಸಿ ಬಾಗಿಲಿಗೆ ಬಂದಾಗ ಮೇಡಂ ಜನರಲ್ ಮೆಟ್ಟಿಲು ಮಡಚುತ್ತಿದ್ದಳು. ಆಗ ನನಗೆ ಹನ್ನೆರಡು ನೆನಪಾಯಿತು.

ಅವನು ಸೇತುವೆಯ ಮೇಲಿದ್ದ. ಕಾಗದದಲ್ಲಿ ಸುತ್ತಿದ ಎರಡು ಮೀನು ಕೈಯಲ್ಲಿತ್ತು. ನನ್ನನ್ನು ನೋಡಿ ಅದನ್ನು ಎತ್ತಿ ತೋರಿಸಿದ. ನಾನು ಕೂಗಿದೆ. ಆಕೆಯೂ ಕೂಗಿದಳು. ನಾನು ಕೆಳಗೆ ಹಾರಲು ಹೋದಾಗ ತೋಳು ಅಡ್ಡ ಹಿಡಿದಳು. ರೈಲು ಚಲಿಸಿತು.

ಇಲ್ಲಿಗೆ ಬಂದಾಗ ನಾನು ನಿಮಗೆ ಇನ್ನೊಂದು ವಿಷಯ ಹೇಳಬೇಕು. ಎರಡು ವರ್ಷದಿಂದ ನಾನು ಈ ಕಥೆಯನ್ನು ಹೇಳುತ್ತ ಬಂದಿದ್ದೇನೆ. ಸತ್ವಾದ ವಿಲ್ಲಾಗಳಲ್ಲಿ, ಕ್ರಿಸ್ಮಸ್ ಊಟದಲ್ಲಿ, ಯಾರದೋ ಮಗುವಿನ ನಾಮಕರಣದಲ್ಲಿ. ಬೊನ್ನಿ ಎದುರಿದ್ದರೆ ಜನರೇ ಕೇಳಿ ಹೇಳಿಸುತ್ತಾರೆ. 'ಹೇಳಿ ಮಾರಾಯ್ರೆ, ಬೊನ್ನಿಯ ಮೀನಿನ ಕಥೆ.' ನಾನು ಹೇಳುವ ಕಥೆಯಲ್ಲಿ ಅವನು ಒಂದೊಂದೇ ಮೀನಿನ ಕಿವಿರು ಎತ್ತಿ ಚೌಕಾಸಿ ಮಾಡುತ್ತ ಸಮಯ ಮರೆಯುತ್ತಾನೆ. ಆಮೇಲೆ ಎರಡು ಮೀನು ಬೀಸುತ್ತ ರೈಲಿನ ಹಿಂದೆ ಓಡುತ್ತಾನೆ. ಓಡುವಲ್ಲಿ ಎಲ್ಲರೂ ನಗುತ್ತಾರೆ. ಬೊನ್ನಿಯೂ ನಗುತ್ತಾನೆ.

ಅವನು ಓಡಲಿಲ್ಲ. ನಡೆಯುತ್ತಿದ್ದ. ಇನ್ನೂ ಹದಿನೆಂಟು ನಿಮಿಷ ಉಳಿದಿರುವ ಮನುಷ್ಯ ನಡೆಯುವ ಹಾಗೆ, ನಡುವೆ ನಿಂತು ಹಳಿಗಳ ಒಂದು ಫೋಟೋ ತೆಗೆದು, ನಿಧಾನವಾಗಿ ನಡೆಯುತ್ತಿದ್ದ. ರೈಲು ಅಲುಗಿದಾಗಲೂ ಅವನಿಗೆ ಅದು ನಮ್ಮದೆಂದು ಅನ್ನಿಸಲಿಲ್ಲವೆಂದು ಕಾಣುತ್ತದೆ. ಪಕ್ಕದ ಹಳಿಯ ಕಡೆ ನೋಡಿದ.

ಮುಂದಿನ ನಿಲುಗಡೆ ನೊವೊಸಿಬಿರ್ಸ್ಕ್. ನಾಲ್ಕು ಗಂಟೆಯ ದಾರಿ. ನನ್ನ ಪೌಚಿನಲ್ಲಿ ಎರಡು ಪಾಸ್‌ಪೋರ್ಟುಗಳಿದ್ದವು. ಎರಡನ್ನೂ ತೆಗೆದು ನೋಡಿದೆ, ಮತ್ತೆ ಹಾಕಿದೆ, ಮತ್ತೆ ತೆಗೆದೆ. ಆಕೆ ಬರಾಬಿನ್ಸ್ಕ್ ನಿಲ್ದಾಣಕ್ಕೆ ಫೋನು ಮಾಡಿದಳು. ಒಂದು ಗಂಟೆಯ ಮೇಲೆ ಉತ್ತರ ಬಂತು. ಅವಳು ತೋರಿಸಿದ ಪರದೆಯಲ್ಲಿ ಇದ್ದದ್ದು: 'ನಿಮ್ಮ ಸ್ನೇಹಿತ ರೈಲ್ವೆ ಪೊಲೀಸರ ಬಳಿ ಇದ್ದಾರೆ. ದಾಖಲೆ ಇಲ್ಲ. ಒಂದು ಕಾರ್ಡು ತೋರಿಸುತ್ತಿದ್ದಾರೆ. ಪಾಸ್‌ಪೋರ್ಟ್ ಇಲ್ಲದೆ ಬೇರೆ ರೈಲು ಹತ್ತಿಸುವಂತಿಲ್ಲ.'

'ಅವರನ್ನು ಬಂಧಿಸಿದ್ದಾರೆಯೇ?' ಎಂದು ಅದೇ ಪರದೆಗೆ ಕೇಳಿದೆ.

ಅವಳು ಓದಿ, ಫೋನಿಗೆ ಒಂದೇ ಮಾತು ಹೇಳಿದಳು. 'ನಾನು ನಿಮಗೆ ಹನ್ನೆರಡು ಎಂದು ತೋರಿಸಿದ್ದೆ' ಎಂದು ಬಂತು.

ನೊವೊಸಿಬಿರ್ಸ್ಕ್‌ನಲ್ಲಿ ಇಳಿದು, ಸಿಕ್ಕಿದ ಮೊದಲ ರೈಲಿನಲ್ಲಿ ಹಿಂತಿರುಗಿದೆ. ನಾನು ತಲುಪುವಾಗ ಬೊನ್ನಿ ನಿಲ್ದಾಣದ ಕೋಣೆಯೊಂದರ ಬೆಂಚಿನ ಮೇಲೆ ಕುಳಿತಿದ್ದ. ಅವನನ್ನು ಬಿಟ್ಟುಹೋಗಿ ಒಂಬತ್ತು ಗಂಟೆಯಾಗಿತ್ತು. ಮೇಜಿನ ಮೇಲೆ ಎಮಿರೇಟ್ಸ್ ಐಡಿ, ಅದರ ಪಕ್ಕದಲ್ಲಿ ಮೀನಿನ ಪೊಟ್ಟಣ. ಪೊಲೀಸರು ಕೆಟ್ಟದಾಗಿ ನಡೆಸಿಕೊಂಡಿರಲಿಲ್ಲ. ಚಹಾ ಕೊಟ್ಟಿದ್ದರು, ಏನೋ ಕೇಳಿದ್ದರು, ಅವನಿಗೆ ಅರ್ಥವಾಗಿರಲಿಲ್ಲ. ಪಾಸ್‌ಪೋರ್ಟು ಕೊಟ್ಟೆ. ಅದನ್ನು ತೆರೆದು ತನ್ನದೇ ಫೋಟೋವನ್ನು ನೋಡಿದ.

ಹೊರಗೆ ಬಂದ ಮೇಲೆ ಹೇಳಿದ: 'ಮುಹೈಸ್ನಾದಲ್ಲಿ ಎಂಟು ವರ್ಷ ಇದರ ಮುಖ ನೋಡಿರಲಿಲ್ಲ. ಆಗ ಹೆದರಿಕೆ ಆಗಿರಲಿಲ್ಲ ಮಾರಾಯ. ಇವತ್ತು ಆಯ್ತು.' ಸ್ವಲ್ಪ ದೂರ ನಡೆದು, 'ನಾನೇ ಲೇಟ್ ಮಾಡಿದೆನಾ ಅಂತ. ವಾಚು ನೋಡಿದ್ದೆ ಅಂತ ನೆನಪು. ನೋಡಿರಲಿಕ್ಕಿಲ್ಲ' ಎಂದ.

ಆಗ ನಾನು ಹೇಳಬಹುದಿತ್ತು. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಈಗ ಬೇಡ, ಊಟವಾದ ಮೇಲೆ ಹೇಳೋಣ ಅಂದುಕೊಂಡೆ. ಊಟವಾದ ಮೇಲೆ, ನಾಳೆ ಅಂದುಕೊಂಡೆ. ಮರುದಿನ ಮುಂದಿನ ಪ್ರಯಾಣ ರದ್ದು ಮಾಡಿ ವಿಮಾನದಲ್ಲಿ ಹಿಂತಿರುಗಿದೆವು. ದುಬೈಯಲ್ಲಿ ಇಳಿದ ವಾರವೇ ಯಾರೋ ಕೇಳಿದರು, ನಾನು ಕಥೆಯಲ್ಲಿ ಮೊದಲ ಸಲ ಅವನನ್ನು ಓಡಿಸಿದೆ. ಅಲ್ಲಿಂದ ಮುಂದೆ ಸತ್ಯ ಹೇಳುವುದೆಂದರೆ ಎರಡನ್ನು ಒಪ್ಪಿಕೊಳ್ಳಬೇಕಿತ್ತು: ಆ ಮೂವತ್ತನ್ನೂ, ಈ ಓಟವನ್ನೂ.

ಕಳೆದ ತಿಂಗಳು ಹೋಟೆಲಿನವರು ಬೊನ್ನಿಯ ವೀಸಾ ಕ್ಯಾನ್ಸಲ್ ಮಾಡಿದರು. ಅರುವತ್ತು ತುಂಬಿತು, ಇನ್ನು ಊರು. ಹೊರಡುವ ಮೊದಲು ಬಿಟ್ಟ ಪ್ರಯಾಣ ಮುಗಿಸುತ್ತೇನೆ ಎಂದ. ನಾನೂ ಬರುತ್ತೇನೆ ಎಂದೆ.

'ಬೇಡ ಮಾರಾಯ' ಎಂದ. 'ಈ ಸಲ ಪಾಸ್‌ಪೋರ್ಟ್ ನನ್ನತ್ರವೇ ಇರಲಿ.' ನಗುತ್ತಲೇ ಹೇಳಿದ. ಅದರ ಹಿಂದೆ ಬೇರೇನಾದರೂ ಇತ್ತೇ ಎಂದು ನಾನು ನಾಲ್ಕು ವಾರದಿಂದ ಯೋಚಿಸುತ್ತಿದ್ದೇನೆ.

ಈ ಸಲವೂ ಅವನು ಯೆಕಟೆರಿನ್‌ಬರ್ಗ್‌ನಲ್ಲಿ ಎರಡು ದಿನ ನಿಂತ. ನಿನ್ನೆ, ಮಂಗಳವಾರ ಸಂಜೆ, ಅಲ್ಲಿಂದ ಹೊರಟಿದ್ದಾನೆ. ಹತ್ತಿದ ಮೇಲೆ ಒಂದು ಮೆಸೇಜು ಬಂತು: 'ನಾಳೆ ನಿನ್ನ ಸ್ಟೇಷನ್.' ನನ್ನ ಸ್ಟೇಷನ್ ಎಂದು ಅವನು ಹಿಂದೆಂದೂ ಹೇಳಿರಲಿಲ್ಲ. ನಾನು ಎಷ್ಟು ಹೊತ್ತಿಗೆ ಎಂದು ಬರೆದೆ. ಅದು ತಲುಪಲಿಲ್ಲ, ಊರುಗಳ ನಡುವೆ ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಇವತ್ತು ಬೆಳಿಗ್ಗೆಯಿಂದ ನಾನು ಫೋನು ಕೆಳಗಿಟ್ಟಿಲ್ಲ. ರೈಲ್ವೆಯ ತಾಣದಲ್ಲಿ ರೈಲಿನ ಸ್ಥಿತಿಗತಿ ನೋಡುತ್ತಿದ್ದೇನೆ. ಇಪ್ಪತ್ತೊಂದು ನಿಮಿಷ ತಡವಾಗಿ ಓಡುತ್ತಿದೆ. ಕಾಲೇಜಿಗೆ ಹೋಗುವ ಮಗಳು ನನ್ನ ಮುಖ ನೋಡಿ, 'ಪಪ್ಪಾ, ಹಿ ಈಸ್ ಸಿಕ್ಸ್‌ಟಿ. ಹಿ ಕ್ಯಾನ್ ರೀಡ್ ಎ ಟೈಮ್‌ಟೇಬಲ್' ಎಂದಳು.

'ಟೈಮ್‌ಟೇಬಲ್ ಬದಲಾಗ್ತದೆ' ಎಂದೆ.

'ದೆನ್ ಟೆಲ್ ಹಿಮ್, ನೋ?'

ಹತ್ತೂವರೆಗೆ ಬರೆಯಲು ಕುಳಿತೆ. ಮೊದಲು ಅರ್ಧ ಪುಟ ಬಂತು. ಕೆರೆ, ಚಹಾ, ಬೆಳಕು ಎಲ್ಲ ಇದ್ದವು. ಅಳಿಸಿದೆ. ಸುದ್ದಿಮನೆಯಲ್ಲಿ ತಿದ್ದುಪಡಿ ಬರೆಯುವುದಕ್ಕೆ ಒಂದು ಕ್ರಮ ಇದೆ: ಏನು ತಪ್ಪಾಗಿತ್ತು, ಸರಿ ಯಾವುದು, ತಪ್ಪು ಯಾರದು. ಕಾರಣಗಳಿಗೆ ಅಲ್ಲಿ ಜಾಗ ಇಲ್ಲ. ಹಾಗೆಯೇ ಬರೆದೆ.

'ಬೊನ್ನಿ, ಅವತ್ತು ಬರಾಬಿನ್ಸ್ಕ್‌ನಲ್ಲಿ ಹನ್ನೆರಡೇ ನಿಮಿಷ ಎಂದು ಮೇಡಂ ಜನರಲ್ ನನಗೆ ಹೇಳಿದ್ದಳು. ನಾನು ನಿನಗೆ ಮೂವತ್ತು ಎಂದೆ. ನೀನು ಲೇಟ್ ಮಾಡಲಿಲ್ಲ. ನೀನು ಓಡಲೂ ಇಲ್ಲ. ತಪ್ಪು ನನ್ನದು. ಇವತ್ತು ಕೂಡ ರೈಲು ತಡವಾಗಿದೆ. ಎಷ್ಟು ನಿಲ್ಲುತ್ತದೆ ಎಂದು ಬೋಗಿಯವರನ್ನು ಕೇಳದೆ ಇಳಿಯಬೇಡ.'

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಳಿಸಿದೆ. ದುಬೈ ಸಮಯ ಹನ್ನೆರಡೂ ಇಪ್ಪತ್ತಕ್ಕೆ ರೈಲು ಬರಾಬಿನ್ಸ್ಕ್ ತಲುಪಿತು. ಹನ್ನೆರಡೂ ಇಪ್ಪತ್ತೆರಡಕ್ಕೆ ಮೆಸೇಜು ಅವನ ಫೋನಿಗೆ ತಲುಪಿತು. ಹನ್ನೆರಡೂ ಇಪ್ಪತ್ತಮೂರಕ್ಕೆ ಅದನ್ನು ಓದಲಾಯಿತು. ಹನ್ನೆರಡೂ ಇಪ್ಪತ್ತೊಂಬತ್ತಕ್ಕೆ ರೈಲು ಹೊರಟಿತು.

ಈಗ ಸಂಜೆ ಆರು ಗಂಟೆ. ರೈಲು ನೊವೊಸಿಬಿರ್ಸ್ಕ್ ದಾಟಿದೆ. ಬೊನ್ನಿಯಿಂದ ಉತ್ತರ ಬಂದಿಲ್ಲ.