ಒಂದೇ ಏಟಿಗೆ ಬಿದ್ದ ಚಿಲಕ

ದೆವ್ವ, ಶಕುನ, ಮುನ್ಸೂಚನೆ ಅಂತ ಯಾರಾದರೂ ಶುರು ಮಾಡಿದರೆ ಅವರ ಬಾಯಿ ಮುಚ್ಚಿಸುವವರೆಗೆ ನನಗೆ ಸಮಾಧಾನ ಇರುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ರಾತ್ರಿ ಗೆಜ್ಜೆ ಸದ್ದು ಕೇಳಿಸುತ್ತದೆ ಎಂದು ಅಳುತ್ತಿದ್ದ ಹುಡುಗಿಯನ್ನು ಕೈಹಿಡಿದು ತಾರಸಿಗೆ ಎಳೆದುಕೊಂಡು ಹೋಗಿ, ಬಟ್ಟೆ ಒಣಹಾಕುವ ತಂತಿಗೆ ಯಾರೋ ಸಿಕ್ಕಿಸಿ ಮರೆತಿದ್ದ ಕೀಗೊಂಚಲನ್ನು ತೋರಿಸಿದವಳು ನಾನು. ಆ ಸ್ವಭಾವ ಈಗಲೂ ಪೂರ್ತಿ ಹೋಗಿಲ್ಲ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ದೆಹಲಿಯ ಓಖ್ಲಾದಲ್ಲಿ, ವಿದೇಶಕ್ಕೆ ಉಡುಪು ಕಳಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ನೋಡುವವಳು. ಪೆಟ್ಟಿಗೆಗಳಲ್ಲಿ ತುಂಬಿದ ಅಂಗಿಗಳಲ್ಲಿ ಕೆಲವನ್ನು ಆರಿಸಿ ಹೊಲಿಗೆ, ಗುಂಡಿ, ಅಳತೆ ಪರೀಕ್ಷಿಸಿ ಮಾಲು ಹೊರಡಬಹುದೋ ಇಲ್ಲವೋ ಹೇಳುವುದು ನನ್ನ ಕೆಲಸ. ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಇಡೀ ಮಾಲಿನಲ್ಲಿ ಒಂದೇ ಒಂದು ದೋಷವೂ ಸಿಗಲಿಲ್ಲವೆಂದರೆ ಸಹಿ ಹಾಕಬಾರದು, ಇನ್ನೊಂದು ಪೆಟ್ಟಿಗೆ ಒಡೆಸಬೇಕು. ಯಾವಾಗಲೂ ಸ್ವಲ್ಪ ಸೊಟ್ಟಗಿರುವ ಹೊಲಿಗೆ ಇವತ್ತು ಇದ್ದಕ್ಕಿದ್ದಂತೆ ನೆಟ್ಟಗಿದೆ ಎಂದರೆ ನಾವು ಎಲ್ಲೋ ಸರಿಯಾಗಿ ನೋಡಿಲ್ಲ ಎಂದೇ ಅವರ ಲೆಕ್ಕ. ಈ ಪದ್ಧತಿಯಿಂದ ಹೊಲಿಗೆ ವಿಭಾಗದವರಿಗೆಲ್ಲ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಅದೇ ಆಫೀಸಿನಲ್ಲಿ ಇನ್ನಿಬ್ಬರು ಕನ್ನಡದವರಿದ್ದರು. ಹೊಸಪೇಟೆಯ ನಸ್ರೀನ್, ವಿದೇಶದ ಗಿರಾಕಿಗಳ ಜತೆ ವ್ಯವಹರಿಸುವವಳು. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಮೇಘಾ, ಡಿಸೈನ್ ವಿಭಾಗದವಳು. ಮೇಘಾಳ ಕನ್ನಡ ಒಂದು ವಾಕ್ಯ ದಾಟುವಷ್ಟರಲ್ಲಿ ಹಿಂದಿಗೆ ಹಾರಿಬಿಡುತ್ತಿತ್ತು. ದೊಡ್ಡ ಮಾಲು ಹೊರಟ ದಿನ ಮೂವರೂ ಹೊರಗೆ ಊಟ ಮಾಡಿ, ಸಾಧ್ಯವಾದರೆ ನಾಲ್ಕು ಹೆಜ್ಜೆ ಕುಣಿದು ಬರುವುದು ನಮ್ಮ ರೂಢಿ. ವಾರಗಟ್ಟಲೆ ಬೈಸಿಕೊಂಡ ಮೇಲೆ ಅಷ್ಟು ನಮ್ಮ ಹಕ್ಕು ಎಂದು ನಾವು ಭಾವಿಸಿದ್ದೆವು.

ದೆಹಲಿಯಲ್ಲಿ ಹುಡುಗಿಯರು ರಾತ್ರಿ ಹೊರಗೆ ಹೋದರೆ ಮನೆ ಸೇರಿದ ಮೇಲೆ ಒಬ್ಬರಿಗೊಬ್ಬರು ಮೆಸೇಜ್ ಹಾಕುತ್ತಾರೆ. ನನಗೆ ಅದು ಸಾಲುತ್ತಿರಲಿಲ್ಲ. ಮೆಸೇಜನ್ನು ಯಾರು ಬೇಕಾದರೂ ಟೈಪ್ ಮಾಡಬಹುದು, ಮೆಟ್ಟಿಲ ಬುಡದಲ್ಲಿ ನಿಂತೂ ಮಾಡಬಹುದು. ಅದಕ್ಕೇ ನಾನೊಂದು ಕಾನೂನು ಮಾಡಿದ್ದೆ. ಮನೆಯೊಳಗೆ ಹೋಗಿ ನನಗೆ ಫೋನ್ ಮಾಡಬೇಕು, ಒಳಗಿನಿಂದ ಚಿಲಕ ಹಾಕುವ ಸದ್ದು ನನ್ನ ಕಿವಿಗೆ ಬೀಳಬೇಕು, ಹತ್ತು ನಿಮಿಷದಲ್ಲಿ ಬೀಳದಿದ್ದರೆ ನಾನು ವಾಪಸ್ ಬರುತ್ತೇನೆ. ಇಬ್ಬರೂ ನನ್ನನ್ನು ಹಾಸ್ಟೆಲ್ ವಾರ್ಡನ್ ಎಂದು ಆಡಿಕೊಂಡರೂ ಪಾಲಿಸುತ್ತಿದ್ದರು. ಅವರ ಚಿಲಕಗಳ ಸದ್ದು ನನಗೆ ಬಾಯಿಪಾಠವಾಗಿತ್ತು. ಮೇಘಾಳದು ಹಳೇ ಸರ್ಕಾರಿ ಕಬ್ಬಿಣ, ಕಿರ್ರೆನ್ನುತ್ತಿತ್ತು. ನಸ್ರೀನಳ ಬಾಗಿಲು ಒಂದು ಮಳೆಗಾಲದಲ್ಲಿ ನೆನೆದು ಉಬ್ಬಿದ್ದು ಮತ್ತೆ ಇಳಿದೇ ಇರಲಿಲ್ಲ. ಅದಕ್ಕೆ ಭುಜದಿಂದ ಎರಡು ಏಟು ಕೊಡಬೇಕು. ಮೊದಲನೆಯದಕ್ಕೆ ಎಂದೂ ಜಗ್ಗಿದ್ದಿಲ್ಲ. ಎರಡು ಸಲ ಧಡ್ ಎಂದ ಮೇಲೆ ಚಿಲಕ ಟಕ್ಕೆನ್ನುತ್ತಿತ್ತು.

ಇದು ನಾಲ್ಕು ವರ್ಷದ ಹಿಂದಿನ ಮಾತು. ನವೆಂಬರಿನ ಕೊನೆ, ಹೊಗೆ ತುಂಬಿದ ಚಳಿ. ಹೌಜ್ ಖಾಸ್‌ನ ಒಂದು ಹೋಟೆಲಿಗೆ ಹೋಗಿದ್ದೆವು. ನಸ್ರೀನ್‌ಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅವಳು ಅದನ್ನು ಕನ್ನಡಕ ಹಾಕಿಕೊಂಡಷ್ಟು ಸಲೀಸಾಗಿ ಮಾಡುತ್ತಿದ್ದಳು, ನಾವೂ ಗಮನ ಕೊಡುತ್ತಿರಲಿಲ್ಲ. ಆ ರಾತ್ರಿ ವೇಟರ್ ಇನ್ನೈದು ನಿಮಿಷ ಎಂದದ್ದನ್ನು ನಂಬಿ ಅವಳು ಸೂಜಿ ಹಾಕಿಕೊಂಡಳು. ಊಟ ಬರಲು ತುಂಬಾ ಹೊತ್ತಾಯಿತು. ಅಷ್ಟರಲ್ಲಿ ಹಾಡು ಶುರುವಾಗಿ, ಬ್ರೆಡ್ಡಿನ ತುಂಡು ಕಡಿಯುತ್ತಿದ್ದವಳನ್ನು ಕುಣಿಯಲು ಎಳೆದವಳು ನಾನೇ. ಕೊನೆಗೆ ಊಟ ಬಂದಾಗ ಅವಳು ಅರ್ಧ ರೊಟ್ಟಿ ತಿಂದಿದ್ದಳೋ ಇಲ್ಲವೋ, ಕ್ಯಾಬ್ ಬಂದು ನಿಂತಿತು. ಕ್ಯಾಬ್ ಕಾಯುವುದಿಲ್ಲ, ಏಳ್ರೇ ಎಂದು ಅವಸರ ಮಾಡಿದವಳೂ ನಾನೇ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮೊದಲು ಮೇಘಾಳನ್ನು ಆರ್.ಕೆ.ಪುರಂನಲ್ಲಿ ಬಿಟ್ಟೆವು. ಕಾರು ಹೊರಟ ಸ್ವಲ್ಪ ಹೊತ್ತಿಗೆ ಅವಳ ಫೋನು ಬಂತು, ಕಿರ್ರೆಂದಿತು, ಮುಗಿಯಿತು. ಆಮೇಲೆ ಮಾಳವೀಯ ನಗರ. ನಸ್ರೀನ್ ಇದ್ದದ್ದು ಕಾರು ಹೋಗದ ಓಣಿಯಲ್ಲಿ, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ. ಓಣಿಯ ಬಾಯಲ್ಲಿ ಇಳಿದು ಕೈಬೀಸಿ ಹೋದಳು. ಸ್ವಲ್ಪ ಸಪ್ಪಗಿದ್ದಳು, ನಿದ್ದೆ ಇರಬೇಕು ಎಂದುಕೊಂಡೆ. ಕಾರಿನಲ್ಲಿ ಉಳಿದವಳು ನಾನೊಬ್ಬಳೇ. ನನ್ನ ಮನೆ ಗೋವಿಂದಪುರಿಯಲ್ಲಿ.

ಚಿರಾಗ್ ದಿಲ್ಲಿ ಹತ್ತಿರ ಬರುವಾಗ ನಸ್ರೀನಳ ಫೋನು ಬಂತು. ಬಂತು ಎಂದೇ ನಾನು ಹೇಳುವುದು. ರಿಂಗಾಯಿತೇ, ಕೈಯಲ್ಲೇ ನಡುಗಿತೇ ಎಂದು ಕೇಳಿದರೆ ನನಗೆ ನೆನಪಿಲ್ಲ. ಕಿವಿಗೆ ಹಿಡಿದದ್ದು ನೆನಪಿದೆ. ಬಾಗಿಲು ಧಡ್ ಎಂದಿತು, ಆ ಏಟಿಗೇ ಚಿಲಕ ಟಕ್ಕೆಂದಿತು. ಆಮೇಲೆ ಅವಳ ದನಿ, ಏದುಸಿರು ಬಿಡುವ, ಖುಷಿಯಾಗಿರುವ ದನಿ.

"ಸೇರಿದೆ ಕಣೇ ವಾರ್ಡನ್. ಇನ್ನು ಮಲ್ಕೋ ಹೋಗು."

ಸರಿ, ಗುಡ್ ನೈಟ್ ಎಂದು ಇಟ್ಟೆ. ಇಟ್ಟ ಕೂಡಲೇ ನಮ್ಮ ಮೂವರ ಗ್ರೂಪಿಗೆ ಮೆಸೇಜ್ ಹಾಕಿದೆ, 'ನಸ್ರೀನ್ ಸೇರಿದಳು. ಒಂದೇ ಏಟಿಗೆ ಚಿಲಕ ಬಿತ್ತು, ದಾಖಲೆ!' ಮೇಘಾ ನಗುವ ಮುಖ ಹಾಕಿದಳು. ಈ ಮೆಸೇಜನ್ನು ಮರೆಯಬೇಡಿ, ಅದು ಇಂದಿಗೂ ಗ್ರೂಪಿನಲ್ಲಿದೆ.

ಫ್ಲೈಓವರ್ ದಾಟುವಷ್ಟರಲ್ಲಿ ನನಗೆ ಕಿರಿಕಿರಿ ಶುರುವಾಯಿತು. ಅದನ್ನು ಭಯ ಎನ್ನಲಾರೆ, ದೋಷವೇ ಸಿಗದ ಮಾಲಿನ ಮುಂದೆ ಪೆನ್ನು ಹಿಡಿದು ಕೂತಾಗ ಆಗುವಂಥದ್ದೇ ಕಿರಿಕಿರಿ. ಆ ಬಾಗಿಲು ಒಂದೇ ಏಟಿಗೆ ಹೇಗೆ ಬಿತ್ತು? ಬಡಗಿಯನ್ನು ಕರೆಸಿದ್ದರೆ ಅವಳು ಹೇಳದೆ ಇರುತ್ತಿರಲಿಲ್ಲ. ತಮಾಷೆ ಮಾಡೋಣ ಎಂದುಕೊಂಡು ನಾನೇ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಚಾರ್ಜ್ ಮುಗಿದಿರಬಹುದು, ಮಲಗಿರಬಹುದು. ಬುದ್ಧಿ ಇರುವವರು ಮನೆಗೆ ಹೋಗಿ ಮಲಗುತ್ತಿದ್ದರು. ನನಗೆ ಆಗಲಿಲ್ಲ. "ಭಯ್ಯಾ, ಗಾಡಿ ವಾಪಸ್ ಲೇ ಲೋ" ಎಂದೆ. ಡ್ರೈವರ್ ಗೊಣಗಿಕೊಂಡೇ ತಿರುಗಿಸಿದ.

ಓಣಿಯಲ್ಲಿ ನಾನು ಓಡಲಿಲ್ಲ, ನಡೆದೇ ಹೋದೆ. ಸುಮ್ಮನೆ ಎಬ್ಬಿಸಿ ಬೈಸಿಕೊಳ್ಳುತ್ತೇನೆ ಎಂದೇ ನನ್ನ ಎಣಿಕೆ. ಎರಡನೇ ಮಹಡಿ ದಾಟಿ ತಿರುಗಿದೆ. ನಸ್ರೀನ್ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಂಥ ಚಳಿಯಲ್ಲೂ ಕುರ್ತಾ ಬೆವರಿಗೆ ಒದ್ದೆಯಾಗಿತ್ತು. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಕೀ ಬಲಗೈಯಲ್ಲೇ ಇತ್ತು. ಮೇಲೆ ತಲೆಯೆತ್ತಿ ನೋಡಿದರೆ ಅವಳ ಬಾಗಿಲಿಗೆ ಹೊರಗಿನಿಂದ ಹಾಕಿದ್ದ ಬೀಗ ಹಾಗೇ ನೇತಾಡುತ್ತಿತ್ತು.

ಕೆಳಗಿಳಿದು ಎರಡನೇ ಮಹಡಿಯ ಬಾಗಿಲು ಬಡಿದೆ. ಅಲ್ಲಿದ್ದ ಪಂಜಾಬಿ ಆಂಟಿ ಒಂದೂ ಪ್ರಶ್ನೆ ಕೇಳದೆ ಲೋಟದಲ್ಲಿ ಸಕ್ಕರೆ ಕದಡಿ ತಂದರು. ನಸ್ರೀನ್, ನಸ್ರೀನ್ ಎಂದು ಕೂಗಿ ಕೂಗಿ, ಅವಳು ಹ್ಞೂಂ ಅಂದ ಮೇಲೆ ಗುಟುಕು ಗುಟುಕಾಗಿ ಕುಡಿಸಿದೆವು. ಕಾಲು ಗಂಟೆ ಹಿಡಿಯಿತು ಅವಳಿಗೆ ನನ್ನ ಗುರುತು ಹತ್ತಲು. ಆ ಕಾಲು ಗಂಟೆಯಲ್ಲಿ ಆಂಟಿ "ಕುಛ್ ನಹೀಂ ಹೋಗಾ ಬೇಟಾ", ಏನೂ ಆಗಲ್ಲ ಮಗೂ, ಎನ್ನುತ್ತಲೇ ಇದ್ದರು. ಅವಳಿಗೆ ಹೇಳಿದರೋ ನನಗೆ ಹೇಳಿದರೋ ಗೊತ್ತಿಲ್ಲ. ಡ್ರೈವರ್ ಹೋಗದೆ ಓಣಿಯ ಬಾಯಲ್ಲೇ ಕಾದಿದ್ದ. ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇನ್ಸುಲಿನ್ ಹಾಕಿಕೊಂಡು ಸರಿಯಾಗಿ ಉಣ್ಣದೆ ರಕ್ತದ ಸಕ್ಕರೆ ತೀರಾ ಇಳಿದಿದೆ, ಇನ್ನೊಂದು ಗಂಟೆ ಯಾರೂ ನೋಡದಿದ್ದರೆ ಉಳಿಯುವುದು ಕಷ್ಟವಿತ್ತು ಎಂದು ಡ್ಯೂಟಿ ಡಾಕ್ಟರು ಹೇಳಿದರು. ರಾತ್ರಿ ಆ ಮೆಟ್ಟಿಲು ಹತ್ತುವವರು ಅವಳೊಬ್ಬಳೇ ಎಂಬುದು ನನಗೆ ಗೊತ್ತಿತ್ತು.

ಇಲ್ಲಿಯವರೆಗಿನದ್ದು ನನ್ನ ಜಾಣತನದ ಕಥೆಯಾಗಿ ಮುಗಿಯಬಹುದಿತ್ತು, ನನಗೂ ಅದೇ ಇಷ್ಟವಿತ್ತು. ಬೆಳಿಗ್ಗೆ ಆಸ್ಪತ್ರೆಯ ಉಪ್ಪಿಟ್ಟಿನಂಥ ಏನನ್ನೋ ಚಮಚದಲ್ಲಿ ಕಲೆಸುತ್ತಾ ನಸ್ರೀನ್ ತಾನಾಗಿಯೇ ಮಾತು ತೆಗೆದಳು. ನಾನು ಇನ್ನೂ ಏನೂ ಹೇಳಿರಲಿಲ್ಲ.

"ವಿಚಿತ್ರ ಏನು ಗೊತ್ತಾ? ನಾನು ಮನೆ ಒಳಗೆ ಹೋಗಿದ್ದೆ ಕಣೇ. ಚೆನ್ನಾಗಿ ನೆನಪಿದೆ. ಬಾಗಿಲಿಗೆ ಭುಜ ಕೊಟ್ಟೆ, ಒಂದೇ ಏಟಿಗೆ ಚಿಲಕ ಬಿತ್ತು. ಅಬ್ಬಾ, ಇವತ್ತಾದ್ರೂ ಬಿತ್ತಲ್ಲ ಅಂತ ಎಷ್ಟು ಖುಷಿಯಾಯ್ತು. ನಿಂಗೆ ಫೋನ್ ಮಾಡಿ ಮಲ್ಕೋ ಹೋಗು ಅಂದೆ. ಆಮೇಲೆ ನೋಡಿದ್ರೆ ಮೆಟ್ಟಿಲ ಮೇಲಿದ್ದೀನಿ, ಆಂಟಿ ಬಾಯಿಗೆ ಲೋಟ ಹಿಡಿದಿದ್ದಾರೆ."

ನಿನ್ನ ಫೋನ್ ಎಲ್ಲಿ ಎಂದು ಕೇಳಿದೆ. ಚೀಲ ತಡಕಿದಳು, ಇರಲಿಲ್ಲ. ಅವಳ ಫೋನು ಹಿಂದಿನ ರಾತ್ರಿಯಿಂದಲೂ ಹೌಜ್ ಖಾಸ್‌ನ ಹೋಟೆಲಿನ ಕೌಂಟರಿನಲ್ಲೇ ಇತ್ತು. ಚಾರ್ಜಿಗೆಂದು ಕೊಟ್ಟಿದ್ದಳಂತೆ, ಸ್ವಿಚ್ ಹಾಕುವುದನ್ನು ಯಾರೋ ಮರೆತಿದ್ದರು, ನಾವು ಊಟಕ್ಕೆ ಕೂರುವ ಮುಂಚೆಯೇ ಅದು ಆರಿಹೋಗಿತ್ತು. ಸಂಜೆ ಮೇಘಾ ಹೋಗಿ ತಂದಳು. ನನ್ನ ಫೋನಿನಲ್ಲಿ ಆ ಹೊತ್ತಿಗೆ ಬಂದ ಕರೆ ಒಂದೂ ಇರಲಿಲ್ಲ. ಮೇಘಾಳದ್ದು ಇತ್ತು, ಅದರ ನಂತರ ನಾನು ಮಾಡಿದ ಎರಡು ಕರೆಗಳಿದ್ದವು, ಅಷ್ಟೇ. ಡ್ರೈವರ್ ನಂಬರ್ ಹುಡುಕಿ ಕೇಳಿದೆ. ಮೇಡಂ, ನೀವು ಫೋನ್ ಕಿವಿಗೆ ಹಿಡಿದು ಸರಿ, ಗುಡ್ ನೈಟ್ ಅಂದದ್ದು ಕೇಳಿಸಿತು, ಆ ಕಡೆಯವರದು ನನಗೆ ಹೇಗೆ ಕೇಳಿಸುತ್ತೆ ಎಂದ. ಅವನು ಹೇಳಿದ್ದು ಸರಿಯೇ.

"ಯಾರ್, ನಂಗೆ ಡರ್ ಆಗ್ತಿದೆ, ಇದರ ಬಾತ್ ಬೇಡ" ಎಂದ ಮೇಘಾಳೇ ನಾಲ್ಕು ದಿನ ಬಿಟ್ಟು ಒಂದು ವಿವರಣೆ ತಂದಳು. ನನಗೆ ಆ ಸದ್ದು ಕೇಳಿ ಕೇಳಿ ಅಭ್ಯಾಸವಾಗಿತ್ತು, ನಿದ್ದೆಗಣ್ಣಿನಲ್ಲಿ ಮಿದುಳೇ ಅದನ್ನು ಕೇಳಿಸಿತು ಎಂದು. ಒಪ್ಪಿಕೊಳ್ಳಬೇಕೆಂದು ನನಗೂ ತುಂಬಾ ಆಸೆಯಿತ್ತು. ಆದರೆ ಅಭ್ಯಾಸ ಕೇಳಿಸುವುದಾದರೆ ಎರಡು ಏಟು ಕೇಳಿಸಬೇಕಿತ್ತು. ನಾನು ಕೇಳಿದ್ದು ಒಂದು. ಆ ಒಂದನ್ನು ನಾನು ಗ್ರೂಪಿನಲ್ಲಿ ಬರೆದಾಗ ನಸ್ರೀನ್ ಕತ್ತಲೆ ಮೆಟ್ಟಿಲ ಮೇಲೆ ಕೂತು ಅದೇ ಒಂದನ್ನು ಕನಸು ಕಾಣುತ್ತಿದ್ದಳು, ಕೈಯಲ್ಲಿ ಫೋನೂ ಇರಲಿಲ್ಲ. ಆಮೇಲೆ ಯಾರೋ ಸೇರಿಸಿ ಹೇಳಿದ್ದು ಎನ್ನಲು ಆ ಮೆಸೇಜ್ ಬಿಡುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಕಾಡುತ್ತದೆ. ಆ ಕರೆ ಬರದೇ ಇದ್ದಿದ್ದರೆ ನಾನು ಹೇಗೂ ಹತ್ತು ನಿಮಿಷ ಕಾದು ಕಾರು ತಿರುಗಿಸುತ್ತಿದ್ದೆ, ಕಾನೂನೇ ಹಾಗಿತ್ತು. ಆ ಕರೆ ಅವಳನ್ನು ಉಳಿಸಲು ಬಂದದ್ದೇ ಆಗಿದ್ದರೆ ಮಲ್ಕೋ ಹೋಗು ಎಂದೇಕೆ ಅಂದಿತು? ನನ್ನನ್ನು ಮನೆಗೆ ಕಳಿಸಲು ಬಂದದ್ದಾಗಿದ್ದರೆ ಎರಡು ಏಟು ಕೇಳಿಸಿದ್ದರೆ ಸಾಕಿತ್ತಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಎರಡು ಕಡೆಯೂ ಕೂಡುವುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವುದು ನನಗೆ ರೂಢಿಯಿಲ್ಲ, ಆದರೂ ಹೇಳುತ್ತಿದ್ದೇನೆ.

ಮಾಲು ಹೊರಟ ದಿನ ಈಗಲೂ ನಾವು ಹೋಗುತ್ತೇವೆ. ಊಟ ಮೇಜಿಗೆ ಬರುವವರೆಗೆ ನಸ್ರೀನ್ ಸೂಜಿ ಮುಟ್ಟುವುದಿಲ್ಲ, ಅವಳ ತಟ್ಟೆ ಖಾಲಿಯಾಗುವವರೆಗೆ ನಾನು ಕ್ಯಾಬ್ ಕರೆಯುವುದಿಲ್ಲ. ಆ ಬಾಗಿಲನ್ನು ಸರಿಮಾಡಿಸೋಣ, ಬಡಗಿಯನ್ನು ನಾನೇ ಕರೆತರುತ್ತೇನೆ ಎಂದು ಅವಳಿಗೆ ಎಷ್ಟೋ ಸಲ ಹೇಳಿದೆ. ಕಳೆದ ವಾರ ಮತ್ತೆ ಹೇಳಿದೆ. ಅವಳು ಒಪ್ಪಲಿಲ್ಲ.

"ಬೇಡ ಕಣೇ, ಎರಡು ಏಟೇ ಇರ್ಲಿ. ಒಂದೇ ಏಟು ಕೇಳಿಸಿದ್ರೆ ನೀನು ಬರ್ತೀಯಲ್ಲ."