ಬ್ಯಾರೇಜಿನ ಮೇಲೆ ಸಾಹೇಬರ ಮಾತು

ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು ನಾನು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಒಂದು ಬ್ಯಾರೇಜಿನ ಎಂಜಿನಿಯರ್ ಆಗಿದ್ದೆ. ಬ್ಯಾರೇಜ್ ಎಂದರೆ ಗೇಟುಗಳಿರುವ ತಗ್ಗು ಅಣೆಕಟ್ಟು. ಗೇಟು ಇಳಿಸಿದರೆ ಮೇಲಿನವರಿಗೆ ನೀರು, ಎತ್ತಿದರೆ ಕೆಳಗಿನವರಿಗೆ. ಬೈಗುಳ ಮಾತ್ರ ಎರಡೂ ಕಡೆಯಿಂದ ಎಂಜಿನಿಯರ್‌ಗೆ.

ಆ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ಊರುಗಳ ಜಾಕ್‌ವೆಲ್‌ಗಳು, ಅಂದರೆ ನದಿಯಿಂದ ಕುಡಿಯುವ ನೀರೆತ್ತುವ ಬಾವಿಗಳು, ಬತ್ತತೊಡಗಿದವು. ಮೇಲೆ ಮಣ್ಣೂರಿನ ಸುತ್ತ ಅದೇ ನೀರು ನಂಬಿ ಕಬ್ಬು ನಿಂತಿತ್ತು. ನೀರು ಬಿಡಲು ಅನುಮತಿ ಕೇಳಿದೆ. "ಎರಡೂ ಕಡೆಯ ಮುಖಂಡರನ್ನು ಒಪ್ಪಿಸಿ, ಆಮೇಲೆ ಬಿಡಿ" ಎಂದರು ಮೇಲಧಿಕಾರಿಗಳು. ಹುಲಿಯ ಹಾಲು ತಾ ಎಂದಿದ್ದರೆ ಸುಲಭವಿತ್ತು.

ಆ ಮುಖಂಡರ ಪಕ್ಷ ಹೇಳುವುದಿಲ್ಲ, ನದಿಯ ದಿಕ್ಕೇ ಸಾಕು. ಒಬ್ಬರು ಮೇಲಿನವರು, ಇನ್ನೊಬ್ಬರು ಕೆಳಗಿನವರು. ಇಬ್ಬರೂ ತೀರಿಹೋದ ಹಿರಿಯ ಮಂತ್ರಿಯೊಬ್ಬರ ಶಿಷ್ಯರು. ಜನ ಆ ಮಂತ್ರಿಯನ್ನು ಸಾಹೇಬರು ಎಂದೇ ಕರೆಯುತ್ತಿದ್ದರು. ಅವರ ಪುಣ್ಯಸ್ಮರಣೆಗೆ ಇಬ್ಬರೂ ಬ್ಯಾರೇಜಿನ ಬಳಿಯೇ ಪೆಂಡಾಲ್ ಹಾಕಿಸಿದರು. ಫೋಟೋ ಒಂದೇ. ಒಂದು ಫ್ಲೆಕ್ಸಿನಲ್ಲಿ ಬೆನ್ನ ಹಿಂದೆ ಕಬ್ಬು, ಇನ್ನೊಂದರಲ್ಲಿ ನಲ್ಲಿ. ಬದುಕಿದ್ದಾಗ ಸಾಹೇಬರು ಪಕ್ಷ ಬದಲಿಸಿದವರಲ್ಲ, ಸತ್ತ ಮೇಲೆ ದಿನಕ್ಕೆ ನಾಲ್ಕು ಸಲ ಬದಲಿಸುತ್ತಿದ್ದರು.

ಎರಡೂ ಕಡೆಗೆ ಮುಖ್ಯ ಅತಿಥಿ ಸಾಹೇಬರ ಹೆಂಡತಿ. ಎಲ್ಲರಿಗೂ ಅವರು ಅವ್ವಾರು. ಕಾಲುನೋವಿದ್ದ ಅವರು ನಮ್ಮ ಕಚೇರಿಯ ವರಾಂಡದಲ್ಲೇ ಕುರ್ಚಿ ಹಾಕಿಸಿಕೊಂಡು, "ನೀವ ಇಲ್ಲಿ ಬರ್ರಿ" ಎಂದು ಇಬ್ಬರನ್ನೂ ಕರೆಸಿದರು. ಹಿಂದೆ ಜನವೂ ಬಂತು.

"ಒಂದ ಹನಿನೂ ಕೆಳಗ ಬಿಡಂಗಿಲ್ಲ ಅಂತ ಸಾಹೇಬ್ರು ನಮಗ ಮಾತ ಕೊಟ್ಟಾರ್ರಿ" ಎಂದರು ಮೇಲಿನವರು.

"ಸುಳ್ಳರಿ. ವರ್ಷಪೂರ್ತಿ ನೀರ ಹರಿಸ್ತೇನಿ ಅಂತ ನಮಗ ಕೊಟ್ಟಾರ" ಎಂದರು ಕೆಳಗಿನವರು.

ಜೇವರ್ಗಿ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ತನ್ನ ಖಾಲಿ ಕೊಡವನ್ನು ಅವ್ವಾರ ಮುಂದೆ ಇಟ್ಟಳು. ನನಗೆ ತಲೆ ಎತ್ತಲಾಗಲಿಲ್ಲ.

"ಖರೇ ಹೇಳ್ರಿ," ಎಂದರು ಅವ್ವಾರು, "ಅವರ ಬಾಯಾಗಿಂದ ಬಂದ ಮಾತ ಯಾವ್ದು?"

ಮೇಲಿನವರು ಗಂಟಲು ಸರಿಮಾಡಿಕೊಂಡರು. "ಹೆಗಲ ಮ್ಯಾಲ ಕೈ ಇಟ್ಟು 'ನೋಡೂಣು' ಅಂದ್ರರಿ."

"ನಿಮಗ?"

"ನಮಗೂ 'ನೋಡೂಣು' ಅಂದ್ರರಿ" ಎಂದರು ಕೆಳಗಿನವರು, ಸಣ್ಣ ದನಿಯಲ್ಲಿ.

ಅವ್ವಾರು ಸೆರಗು ಬಾಯಿಗೆ ಹಿಡಿದು ನಕ್ಕರು. "ಅಯ್ಯ, ಒಲ್ಲೆ ಅನ್ನೂದಿದ್ರ ಅವರು ನೋಡೂಣು ಅಂತಿದ್ರು. ಬಂಗಾರದ ಪಾಟಲಿ ಮಾಡಸ್ರಿ ಅಂದ್ರ ನನಗೂ ಸಾಯೂತನಕ ಅದನ ಅಂದಾರ." ಜನ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವರ ದನಿ ಬದಲಾಯಿತು. "ಅವರ ಹೆಸರ ಬಿಡ್ರಿ. ನಿಮ್ಮ ಹೆಸರ ಮ್ಯಾಲ ಹೇಳ್ರಿ. ಈಕಿ ಕೊಡಕ್ಕ ನೀರ ಬ್ಯಾಡೇನು?"

ಮೇಲಿನವರು ಪೆಂಡಾಲಿನಲ್ಲಿದ್ದ ಸಾಹೇಬರ ಫೋಟೋ ಕಡೆ ನೋಡಿದರು. ಅಲ್ಲಿಂದ ಸಹಾಯ ಬರಲಿಲ್ಲ. "ಕುಡಿಲಾಕ ಅಂದ್ರ ಬ್ಯಾಡ ಅನ್ನಾಕ ಬರಂಗಿಲ್ಲರಿ" ಎಂದರು. ಕುಡಿಯುವುದಕ್ಕಷ್ಟೇ ಸಾಕು, ಹೊಲಕ್ಕೆ ಕೇಳುವುದಿಲ್ಲ ಎಂದು ಕೆಳಗಿನವರೂ ಒಪ್ಪಿದರು.

ಅವ್ವಾರು ನನ್ನತ್ತ ತಿರುಗಿದರು. "ಎಂಜಿನಿಯರ್ ಸಾಹೇಬ್ರ, ಗೇಟ್ ಯಾವಾಗ ಎತ್ತಸ್ತೀರಿ?"

ಜೀವಮಾನವಿಡೀ ಸರ್ಕಾರಿ ಕೆಲಸದಲ್ಲಿ ಪಳಗಿದ ನಾಲಿಗೆ. "ನೋಡೂಣ್ರಿ ಅವ್ವಾರ" ಎಂದುಬಿಟ್ಟೆ.

ಮುಖಂಡರಿಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕರು. ಕೊಡದ ಹೆಂಗಸು ಮಾತ್ರ ನಗಲಿಲ್ಲ. ಆ ಮುಖ ನೋಡಿ ನನಗೆ ನಾಚಿಕೆಯಾಯಿತು. ನಾನೇ ಎದ್ದು ಹೋಗಿ ಗೇಟಿನ ಗುಂಡಿ ಒತ್ತಿದೆ.

ಆ 'ನೋಡೂಣು' ಎಂಬುದನ್ನೇ ನಾವು ಕಡತಗಳಲ್ಲಿ "ಪರಿಶೀಲಿಸಲಾಗುವುದು" ಎಂದು ಬರೆಯುತ್ತೇವೆ. ಉಳಿದ ಎರಡು ವರ್ಷ ನಾನು ಅದನ್ನು ಬರೆಯಲಿಲ್ಲ. ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.