ಹಾಳೆಯಲ್ಲಿ ಇಲ್ಲದ ಹೆಸರು

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ನಡೆದದ್ದಂತೂ ನಡೆದಿದೆ.

ಆರೇಳು ವರ್ಷದ ಹಿಂದೆ ದೈಹಿಕ ಶಿಕ್ಷಕನಾಗಿ ಹರಪನಹಳ್ಳಿಯಿಂದ ಕೊಟ್ಟೂರಿಗೆ ವರ್ಗವಾಗಿ ಬಂದೆ. ಬಂದು ಮೂರು ವಾರವಾಗಿತ್ತಷ್ಟೇ. ಊರಿನ ಹಳೆಯ ಫುಟ್‌ಬಾಲ್ ತಂಡದ ಮೂವರು ಸೈನ್ಯಕ್ಕೆ ಸೇರಿ, ಗಡಿಯ ಯುದ್ಧದಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ ಮೈದಾನದ ಅಂಚಿನಲ್ಲಿ ಒಂದು ಕಲ್ಲು ನಿಲ್ಲಿಸಿದ್ದರು. ವರ್ಷಕ್ಕೊಮ್ಮೆ ಪಂದ್ಯವೂ ನಡೆಯುತ್ತಿತ್ತು. ಎಲ್ಲದಕ್ಕೂ ಮುಂದಾಳು ಆ ತಂಡದ ಹಳೆಯ ಗೋಲ್‌ಕೀಪರ್ ಚನ್ನಬಸಪ್ಪನವರು. ಹೊಸ ಮೇಷ್ಟ್ರು ಎಂದು, ಆ ವರ್ಷದ ಪಂದ್ಯಕ್ಕೆ ಮೊದಲು ಆ ಮೂವರ ಹೆಸರು ಓದುವ ಕೆಲಸವನ್ನು ನನಗೆ ಒಪ್ಪಿಸಿದರು.

ಮಧ್ಯಾಹ್ನ ನಾಲ್ಕರ ಬಿಸಿಲು. ಕೂಡ್ಲಿಗಿಯ ಹುಡುಗರು, ನಮ್ಮೂರ ಹುಡುಗರು ಸಾಲಾಗಿ ನಿಂತಿದ್ದರು. ನಾನು ಮೈಕ್ ಹಿಡಿದು ಮೂರು ಹೆಸರು ಓದಿದೆ, ಒಂದು ನಿಮಿಷ ಮೌನ ಎಂದೆ, ಹಾಳೆ ಮಡಚಿದೆ. ನನಗೆ ನೆನಪಿರುವುದು ಇಷ್ಟೇ.

ತಲೆ ತಗ್ಗಿಸಬೇಕಾದ ಹೊತ್ತಿನಲ್ಲಿ ಹಿರಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ಯಾವುದೋ ಹೆಸರು ತಪ್ಪು ಓದಿದೆನೇನೋ ಎಂದು ಒಳಗೇ ಕಸಿವಿಸಿ. ಆ ಒಂದು ನಿಮಿಷ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಮುಗಿದ ಕೂಡಲೇ ಚನ್ನಬಸಪ್ಪನವರು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ಡಬ್ಬಿ ಕೊಟ್ರನ ಹೆಸರು ನಿಮಗ್ಯಾರು ಹೇಳಿದ್ರು?"

ಯಾವ ಕೊಟ್ರ ಎಂದೆ. ನಾನು ನಾಟಕ ಮಾಡುತ್ತಿದ್ದೇನೆಂದು ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕಥೆ ಹೊರಬಿತ್ತು. ಕೊಟ್ರ ಆಟಗಾರನಲ್ಲ. ಎಲ್ಲ ಪಂದ್ಯಕ್ಕೂ ಗೋಲಿನ ಹಿಂದೆ ನಿಂತು ಎಣ್ಣೆ ಡಬ್ಬಿ ಬಡಿಯುತ್ತ ತಂಡವನ್ನು ಹುರಿದುಂಬಿಸುತ್ತಿದ್ದ. ಆ ಮೂವರ ಜೊತೆಗೇ ಸೈನ್ಯ ಸೇರಿದ, ಅದೇ ಯುದ್ಧದಲ್ಲಿ ಸತ್ತ. ಕಲ್ಲು ನಿಲ್ಲಿಸುವಾಗ ಅವನ ತಂಗಿ ನೀಲಮ್ಮ ಬಂದು, ಅಣ್ಣನ ಹೆಸರೂ ಇರಲಿ ಎಂದು ಕೇಳಿಕೊಂಡಿದ್ದಳು. ಇದು ಆಡಿದವರ ಕಲ್ಲು ಎಂದು ಚನ್ನಬಸಪ್ಪನವರೇ ವಾಪಸು ಕಳಿಸಿದ್ದರು. ಈಗ ಅವಳೇ ನನಗೆ ಹೇಳಿಕೊಟ್ಟಿದ್ದಾಳೆ ಎಂಬುದು ಅವರ ಅನುಮಾನ.

ನಾನು ಹಾಳೆ ಬಿಚ್ಚಿ ಅವರ ಕೈಗಿಟ್ಟೆ. ಮೂರೇ ಹೆಸರು. ಅವರದೇ ಅಕ್ಷರ.

ಕೂಡ್ಲಿಗಿ ತಂಡದವನೊಬ್ಬ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ. ತರಿಸಿ ನೋಡಿದೆವು. ಮೂರು ಹೆಸರು ಓದಿದ ಮೇಲೆ ನಾನು ತಲೆ ಎತ್ತುತ್ತೇನೆ, ಗೋಲಿನ ಕಡೆ ನೋಡುತ್ತೇನೆ, "ಡಬ್ಬಿ ಕೊಟ್ರ" ಎನ್ನುತ್ತೇನೆ. ದನಿ ನನ್ನದೇ. ತುಟಿ ಅಲ್ಲಾಡಿದ್ದೂ ಕಾಣುತ್ತದೆ. ಚನ್ನಬಸಪ್ಪನವರು ಮೊಬೈಲ್ ವಾಪಸು ಕೊಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಒಬ್ಬ ಹೆಂಗಸು ನಮ್ಮತ್ತ ಬಂದಳು. ಅವಳೇ ನೀಲಮ್ಮ. ಮದುವೆಯಾಗಿ ಹಡಗಲಿಯಲ್ಲಿದ್ದವಳು ಪ್ರತಿ ವರ್ಷ ಬಸ್ ಹತ್ತಿ ಬಂದು, ಒಳಗೆ ಕಾಲಿಡದೆ, ಗೇಟಿನ ಆಚೆಯೇ ನಿಂತು ಹೋಗುತ್ತಿದ್ದಳಂತೆ. ಚನ್ನಬಸಪ್ಪನವರು ಎದ್ದು ನಿಂತರು. "ತಪ್ಪಾತು ತಂಗೆವ್ವಾ. ಕಲ್ಲಿನ ಮ್ಯಾಲೆ ಹೆಸರು ಹಾಕಸ್ತೀನಿ," ಎಂದರು.

ಅವಳು ಅವರ ಕಡೆ ತಿರುಗಲೂ ಇಲ್ಲ. ನನ್ನನ್ನೇ ಕೇಳಿದಳು: "ಮೇಷ್ಟ್ರ, ನಮ್ಮಣ್ಣ ಇನ್ನೇನರ ಅಂದನೇನ್ರಿ?"

ನನಗೇನೂ ಗೊತ್ತಿಲ್ಲವಮ್ಮಾ ಎಂದೆ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಸ್ಸಿಗೆ ಹೊರಟುಹೋದಳು.

ಚಹಾದಂಗಡಿಯಲ್ಲೋ ಸ್ಟಾಫ್ ರೂಮಿನಲ್ಲೋ ಆ ಹೆಸರು ಕಿವಿಗೆ ಬಿದ್ದಿರಬಹುದೆಂದು ಎಷ್ಟೋ ದಿನ ವಿಚಾರಿಸುತ್ತ ತಿರುಗಿದೆ. ನನ್ನೆದುರು ಹೇಳಿದವರು ಒಬ್ಬರೂ ಸಿಗಲಿಲ್ಲ. ಹೇಳಿದ್ದರೂ, ಅದನ್ನು ನುಡಿದದ್ದು ನನಗೇ ಏಕೆ ನೆನಪಿಲ್ಲ?

ತಿಂಗಳೊಳಗೆ ಕಲ್ಲಿನ ಮೇಲೆ ನಾಲ್ಕನೆಯ ಹೆಸರು ಬಂತು. ಓದುವ ಕೆಲಸ ಬೇಡವೆಂದರೂ ಊರವರು ನನ್ನನ್ನು ಬಿಟ್ಟಿಲ್ಲ. ನೀಲಮ್ಮ ಈಗ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಮತ್ತೆ ಯಾವತ್ತೂ ಏನೂ ಕೇಳಿಲ್ಲ. ನಾಲ್ಕನೆಯ ಹೆಸರು ಓದಿ ಮುಗಿಸಿದ ಮೇಲೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಅವಳೊಬ್ಬಳು ಮಾತ್ರ ನನ್ನ ಬಾಯನ್ನೇ ನೋಡುತ್ತಿರುತ್ತಾಳೆ.